ರಕ್ತಪೂರಣ ಮತ್ತು ಕಿರುತಟ್ಟೆಗಳಿಗೆ ದೇಹದ ಪ್ರತಿರೋಧ

‘ಇಮ್ಯೂನಿಟಿ’ಗೆ ‘ರೋಗನಿರೋಧಕ ಶಕ್ತಿ’ ಎಂಬ ಪದ ಕನ್ನಡದಲ್ಲಿ ರೂಢವಾಗಿದೆ. ಈ ಶಕ್ತಿ ಸದಾ ರೋಗವನ್ನೇ ಎದುರಿಸುತ್ತದೆಂಬ ಭಾವನೆ ಆ ಪದದಿಂದ ಹುಟ್ಟುತ್ತದೆ. ರಕ್ತದ ಕ್ಯಾನ್ಸರಿನ ರೋಗಿಗಳಲ್ಲಿ ಕೆಲವರಿಗೆ ಎಷ್ಟು ಬಾರಿ ಕಿರುತಟ್ಟೆಗಳನ್ನು ಕೊಟ್ಟರೂ ಅವುಗಳ ಸಂಖ್ಯೆ ಏರುವುದಿಲ್ಲ. ಇಂಥಲ್ಲಿ ಚಿಕಿತ್ಸೆಯೇ ನಿರೋಧಕ್ಕೆ ಗುರಿಯಾಗಿರಬಹುದು. ಈ ವಿದ್ಯಮಾನವನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಆಸ್ಪತ್ರೆಗಳಲ್ಲಿ ಪ್ಲೇಟ್‌ಲೆಟ್ ಎನ್ನುವ ಕಿರುತಟ್ಟೆಗಳು ಅಸ್ಥಿಮಜ್ಜೆಯಲ್ಲಿ ಹುಟ್ಟಿ, 7ರಿಂದ 10 ದಿನ ಬಾಳಿ, ರಕ್ತಸ್ರಾವವನ್ನು ತಡೆಯುತ್ತವೆ. ಆರೋಗ್ಯವಂತರಲ್ಲಿ ಪ್ರತಿ ಘನ ಮಿಲಿಮೀಟರ್ ರಕ್ತಕ್ಕೆ ಇವು ಸುಮಾರು 1.5ರಿಂದ 4.5 ಲಕ್ಷದಷ್ಟಿರುತ್ತವೆ. ಇವುಗಳ ಮೈಮೇಲೆ ಎ, ಬಿ ಗುಂಪಿನ ಗುರುತುಗಳಲ್ಲದೆ ಎಚ್.ಎಲ್.ಎ. ಎಂಬ ಪ್ರತಿಜನಕಗಳೂ ಇರುತ್ತವೆ. ಈ ವರ್ಗದ ಮೊದಲ ಪ್ರತಿಜನಕವನ್ನು 1958ರಲ್ಲಿ ವಿವರಿಸಿದ ಫ್ರಾನ್ಸಿನ ಜಾನ್ ದೊಸೆ 1980ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಹಿಂದಿನ ರಕ್ತಪೂರಣದಲ್ಲಿ ಅಥವಾ ಗರ್ಭಧಾರಣೆಯಲ್ಲಿ ಅನ್ಯರ ಗುರುತುಗಳನ್ನು ಕಂಡ ದೇಹವು ಪ್ರತಿಕಾಯಗಳನ್ನು ನಿರ್ಮಿಸಿಕೊಂಡಿರಬಹುದು. ಅವು ಅಂಟಿಕೊಂಡ ಕಿರುತಟ್ಟೆಗಳು ಮುಖ್ಯವಾಗಿ ಗುಲ್ಮದಲ್ಲಿ ನಾಶವಾಗುತ್ತವೆ.

ಈ ಪ್ರತಿಕಾಯಗಳನ್ನು ಪ್ರಚೋದಿಸುವಲ್ಲಿ ಕಿರುತಟ್ಟೆಗಳಿಗಿಂತ ಅವುಗಳೊಡನೆ ಬರುವ ದಾನಿಯ ಬಿಳಿ ರಕ್ತಕಣಗಳ ಪಾತ್ರವೇ ಹಿರಿದು. ಅಮೆರಿಕದಲ್ಲಿ ರಕ್ತದ ಕ್ಯಾನ್ಸರಿನ ರೋಗಿಗಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಪರೀಕ್ಷೆ ಇದನ್ನು ಸ್ಪಷ್ಟಪಡಿಸಿತು. ಸಂಸ್ಕರಿಸದ ಕಿರುತಟ್ಟೆಗಳನ್ನು ಪಡೆದವರಲ್ಲಿ ಶೇ. 13ರಷ್ಟು ಮಂದಿಗೆ ಪ್ರತಿಕಾಯಗಳ ಸಹಿತ ಪೂರಣ ವಿಫಲವಾಯಿತು. ಬಿಳಿ ಕಣಗಳನ್ನು ಸೋಸಿದ ಅಥವಾ ನೇರಳಾತೀತ ಕಿರಣಗಳಿಂದ ಸಂಸ್ಕರಿಸಿದ ಗುಂಪುಗಳಲ್ಲಿ ಈ ಪ್ರಮಾಣ ಶೇ. 3ರಿಂದ 5ಕ್ಕೆ ಇಳಿಯಿತು.

ಆದರೆ ಎಲ್ಲ ವೈಫಲ್ಯಕ್ಕೂ ಪ್ರತಿಕಾಯಗಳು ಕಾರಣವಲ್ಲ. ಜ್ವರ, ಸೋಂಕು, ಗುಲ್ಮದ ಊತಗಳೇ ಹೆಚ್ಚು ಸಲ ಕಾರಣವಾಗುತ್ತವೆ. ಆದ್ದರಿಂದ ಪೂರಣ ಮುಗಿದ ಒಂದು ಗಂಟೆಯೊಳಗೆ ಎಣಿಕೆ ಮಾಡುವುದು ಅಗತ್ಯ. ಆಗಲೇ ಸಂಖ್ಯೆ ಏರಿರದಿದ್ದರೆ, ಅದು ಮತ್ತೊಮ್ಮೆ ಮರುಕಳಿಸಿದರೆ, ಪ್ರತಿಕಾಯಗಳ ಶಂಕೆ ಬಲಗೊಳ್ಳುತ್ತದೆ. ಮೊದಲು ಏರಿ ಮರುದಿನ ಕುಸಿದರೆ ಅನ್ಯ ಕಾರಣಗಳನ್ನು ಅರಸಬೇಕು.

ಪ್ರತಿಕಾಯಗಳು ದೃಢಪಟ್ಟ ಮೇಲೆ ಯಾವುದೋ ದಾನಿಯ ಕಿರುತಟ್ಟೆಗಳನ್ನು ಮತ್ತೆ ಮತ್ತೆ ಏರಿಸುವುದರಿಂದ ಹೆಚ್ಚಿನ ಫಲವಿಲ್ಲ, ಎಚ್.ಎಲ್.ಎ. ಹೊಂದುವ ದಾನಿಯನ್ನು ಹುಡುಕಬೇಕು. ಒಬ್ಬ ಒಡಹುಟ್ಟಿದವರು ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಆದರೂ ಬಂಧುಗಳಿಂದ ಮುಂದೆ ಮಜ್ಜೆಯ ಕಸಿ ಮಾಡುವ ಯೋಚನೆಯಿದ್ದರೆ, ಕಸಿಗೆ ಮುನ್ನ ಅವರ ರಕ್ತವನ್ನು ಕೊಡಿಸುವುದನ್ನು ವೈದ್ಯರು ಸಾಮಾನ್ಯವಾಗಿ ತಪ್ಪಿಸುತ್ತಾರೆ. ಅದರಿಂದ ಕಸಿಯನ್ನೇ ತಿರಸ್ಕರಿಸುವಂತೆ ದೇಹ ಸಿದ್ಧವಾಗಬಹುದು. ಪ್ರೀತಿಯಿಂದ ಕೈ ನೀಡುವ ಅಣ್ಣತಮ್ಮಂದಿರಿಗೆ ಇದನ್ನು ತಿಳಿಯಹೇಳುವುದು ಸುಲಭವಲ್ಲ.

ಊರು ಬಿಟ್ಟು ಮುಂಬಯಿ, ಹೈದರಾಬಾದುಗಳಂಥ ನಗರಗಳಲ್ಲಿ ಚಿಕಿತ್ಸೆ ಪಡೆಯುವ ನಮ್ಮವರು ಹಿಂದಿನ ರಕ್ತಪೂರಣ ಹಾಗೂ ಗರ್ಭಧಾರಣೆಗಳ ವಿವರವನ್ನು ಜೊತೆಗೊಯ್ಯಬೇಕು. ಆಸ್ಪತ್ರೆ ಬದಲಾದರೂ ದೇಹದ ನೆನಪು ಬದಲಾಗುವುದಿಲ್ಲ. ಅದನ್ನು ವೈದ್ಯರಿಗೆ ಕನ್ನಡದಲ್ಲಾದರೂ ಸ್ಪಷ್ಟವಾಗಿ ಹೇಳಲು ರೋಗಿಗೆ ಪದಗಳು ಬೇಕು. ಅವನ್ನು ಒದಗಿಸುವುದು ಭಾಷೆಯ ಅಧ್ಯಯನದಲ್ಲಿ ತೊಡಗಿದ ನಮ್ಮ ಹೊಣೆಯೂ ಹೌದು.