ಕ್ಷೌರ ಮೊದಲೋ, ಸ್ನಾನ ಮೊದಲೋ?

1948ರಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಬಿಡಾರ ಹೂಡಿದರು. ಮುಂದೆ ಬರೆದ ಪುಸ್ತಕದಲ್ಲಿ ಆ ಊರಿಗೆ ಅವರಿಟ್ಟ ಹೆಸರು ರಾಮಪುರ. ಇರಲು ಸಿಕ್ಕಿದ್ದು ಪಟೇಲರ ಎತ್ತಿನ ಮನೆ. ಶ್ರೀನಿವಾಸ್ ಮೈಸೂರಿನಲ್ಲೇ ಹುಟ್ಟಿದ ಬ್ರಾಹ್ಮಣರು, ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದವರು. ಆದರೂ ಸ್ನಾನ ಮುಗಿಸಿ ಗಡ್ಡ ಹೆರೆದುಕೊಂಡು ಪಟೇಲರ ಆಕ್ಷೇಪಕ್ಕೆ ಗುರಿಯಾದರು. ಕ್ಷೌರವೆಂದರೆ ಮೈಲಿಗೆ, ಅದು ಮುಗಿದ ಮೇಲಲ್ಲವೇ ಮೀಯುವುದು?

ಈ ನಿಯಮವನ್ನು ಊರಿನಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ತಪ್ಪುವವರು ಒಬ್ಬರು ಬರುವವರೆಗೆ ಅದನ್ನು ಬಾಯಿಬಿಟ್ಟು ಹೇಳುವ ಪ್ರಮೇಯವೂ ಬಂದಿರಲಿಕ್ಕಿಲ್ಲ. ಸಮಾಜಶಾಸ್ತ್ರಕ್ಕೆ ಕೆಲಸ ಸಿಗುವುದೇ ಇಂಥ ಕಡೆ. 'ಅದು ಹಾಗೇ' ಎಂದು ನಾವು ಕೈತೊಳೆದುಕೊಳ್ಳುವ ಸಂಗತಿಗಳು ಅದಕ್ಕೆ ಬೇಕು.

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇಂಥ ಬರೆಯದ ನಿಯಮಗಳನ್ನು ಬಿಡಿಸಿ ಹೇಳಬೇಕಿಲ್ಲ. ಅಡ್ವಾನ್ಸ್, ನೀರು, ಕರೆಂಟಿನ ಮಾತು ಮುಗಿದ ಮೇಲೆ ಮಾಲೀಕರು ತುಸು ನಗುತ್ತಾ, 'ಊಟ-ತಿಂಡಿ ಎಲ್ಲಾ ಹೇಗೆ ನಿಮ್ಮಲ್ಲಿ?' ಎನ್ನುತ್ತಾರೆ. ಕೇಳಿದ್ದು ಊಟದ ಬಗ್ಗೆ, ತಿಳಿಯಬೇಕಾದದ್ದು ಜಾತಿ, ಧರ್ಮ. ಕೇಳುವವರು ಕೆಟ್ಟವರೇ ಆಗಿರಬೇಕೆಂದಿಲ್ಲ, ಬಹುಪಾಲು ಸಜ್ಜನರೇ. ಒಬ್ಬರ ಸ್ವಭಾವವೆಂದು ಬಿಟ್ಟುಬಿಡಬಹುದಿತ್ತು. ಆದರೆ ಒಬ್ಬರನ್ನೊಬ್ಬರು ಅರಿಯದ ನೂರಾರು ಸಜ್ಜನರು ಅದೇ ನಗು, ಅದೇ ಪ್ರಶ್ನೆ ಹೊತ್ತು ಗೇಟಿನ ಬಳಿ ನಿಂತಿದ್ದರೆ?

'ಸಂಸ್ಕೃತೀಕರಣ', 'ಪ್ರಬಲ ಜಾತಿ' ಎಂಬ ಪರಿಕಲ್ಪನೆಗಳಿಗಾಗಿ ಶ್ರೀನಿವಾಸ್ ಪಠ್ಯಪುಸ್ತಕ ಸೇರಿದ್ದಾರೆ. ನನಗೆ ಅವಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಇನ್ನೊಂದು ಮಾತು. ತಾನು ಕಂಡದ್ದು ಮೇಲ್ಜಾತಿಯವರ ರಾಮಪುರ. ದಲಿತರ, ಮುಸ್ಲಿಮರ ನಡುವೆ ಹೆಚ್ಚು ಕಾಲ ಕಳೆದಿದ್ದರೆ ಊರು ಬೇರೆಯೇ ಆಗಿ ತೋರುತ್ತಿತ್ತು ಎಂದು ಅವರೇ ಒಪ್ಪಿಕೊಂಡರು. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಹಚ್ಚಿದ ಬೆಂಕಿಗೆ ಅವರು ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ್ದ ರಾಮಪುರದ ಟಿಪ್ಪಣಿಗಳ ಮೂರೂ ಪ್ರತಿ ಆಹುತಿಯಾದವು. ಬಹುಮಟ್ಟಿಗೆ ನೆನಪನ್ನೇ ನಂಬಿ ಬರೆದ ಪುಸ್ತಕ 1976ರಲ್ಲಿ ಹೊರಬಂತು. ಆದರೆ ಸುಟ್ಟುಹೋದ ಟಿಪ್ಪಣಿ ಉಳಿದಿದ್ದರೂ ಎತ್ತಿನ ಮನೆಯ ಜಗಲಿಗೆ ಕಾಣದ ಕೇರಿ ಅದರಲ್ಲಿ ಪೂರ್ತಿ ಸಿಗುತ್ತಿರಲಿಲ್ಲ.

ಬಾಡಿಗೆ ಮನೆಯ ನಿಯಮಗಳೂ ಹಾಗೆಯೇ. ಹೆಸರು ಕೇಳುತ್ತಲೇ ಕೀಲಿಕೈ ಪಡೆದವರಿಗೆ ಅವು ಇರುವುದೇ ತಿಳಿಯದು. 'ಮನೆ ಈಗತಾನೆ ಹೋಯ್ತಲ್ಲ' ಎಂಬ ಉತ್ತರ ಕೇಳಿ ಬಂದವರನ್ನು ವಿಚಾರಿಸಿ. ಯಾವ ಬೀದಿಯಲ್ಲಿ ಮೊದಲು ಹೆಸರು ಕೇಳುತ್ತಾರೆ, ಎಲ್ಲಿ ಊಟ ಕೇಳುತ್ತಾರೆ, ಎಲ್ಲಿ ಏನನ್ನೂ ಕೇಳದೆ ಬಾಗಿಲು ಹಾಕುತ್ತಾರೆ ಎನ್ನುವುದನ್ನು ಅವರು ಸಾಲಾಗಿ ಹೇಳಬಲ್ಲರು.