ಸಿದ್ದಿ ಮಗುವಿನ ಚಿತ್ರ ಮತ್ತು ನನ್ನ ಪೀಠಿಕಾ ಪ್ರಶ್ನೆ

ಬೋಧನಾಭ್ಯಾಸದ ಅವಧಿಯಲ್ಲಿ ರೋಣ ತಾಲ್ಲೂಕಿನ ಒಂದು ಶಾಲೆಯ ಐದನೆಯ ತರಗತಿಗೆ ನಮ್ಮ ರಾಜ್ಯದ ಜನಜೀವನದ ಬಗ್ಗೆ ಪಾಠ ಮಾಡಿದೆ. ಸಿದ್ದಿ ಹುಡುಗಿಯೊಬ್ಬಳ ಚಿತ್ರ ತೋರಿಸಿ, ‘ಇವಳು ಯಾವ ದೇಶದವಳು?’ ಎಂದು ಕೇಳಿದೆ. ‘ಆಫ್ರಿಕಾ’ ಎಂದು ಮಕ್ಕಳೆಲ್ಲ ಕೂಗಿದರು. ‘ಅಲ್ಲ, ಯಲ್ಲಾಪುರದವಳು!’ ಎಂದೆ. ಪೀಠಿಕೆ ಪರಿಣಾಮಕಾರಿಯಾಗಿದೆ ಎಂದು ಅವಲೋಕನ ಹಾಳೆಯಲ್ಲಿ ಷರಾ ಬಂತು. ಬಿಡುವಿನ ವೇಳೆಯಲ್ಲಿ ನೋಡಿದರೆ, ಕಪ್ಪು ಮೈಬಣ್ಣದ ಸಹಪಾಠಿಯೊಬ್ಬನನ್ನು ಹುಡುಗರು ‘ಏ ಸಿದ್ದಿ’ ಎಂದು ಚುಡಾಯಿಸುತ್ತಿದ್ದರು. ಆ ಮಾತು ಅವರಿಗೆ ಸಿಕ್ಕಿದ್ದು ನನ್ನ ಪಾಠದಿಂದ.

ಮಾಹಿತಿಯಲ್ಲಿ ತಪ್ಪಿರಲಿಲ್ಲ. ಸಿದ್ದಿಗಳು ಬಹುಪಾಲು ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದ ಆಫ್ರಿಕನ್ನರ ಸಂತತಿ. ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡಗಳಲ್ಲಿ ತಲೆಮಾರುಗಳಿಂದ ಇದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಇದನ್ನೆಲ್ಲ ಹೇಳಿದ್ದೆ. ಆದರೆ ನನ್ನ ಪ್ರಶ್ನೆ ಆ ಹುಡುಗಿಯ ಬಣ್ಣವನ್ನೇ ಒಗಟು ಮಾಡಿತ್ತು.

ಅಮೆರಿಕದ ಮಕ್ಕಳ ಸಾಹಿತ್ಯ ಈ ತೊಡಕನ್ನು ಬಹಳ ಹಿಂದೆಯೇ ಎದುರಿಸಿದೆ. 1965ರಲ್ಲಿ ನ್ಯಾನ್ಸಿ ಲಾರಿಕ್ ಮೂರು ವರ್ಷಗಳ 5,206 ಮಕ್ಕಳ ಪುಸ್ತಕಗಳನ್ನು ಲೆಕ್ಕಹಾಕಿದಾಗ, ಒಬ್ಬರಾದರೂ ಕಪ್ಪು ಜನ ಕಾಣಿಸಿದ್ದು 349ರಲ್ಲಿ ಮಾತ್ರ. ಎಜ್ರಾ ಜ್ಯಾಕ್ ಕೀಟ್ಸ್ 1962ರಲ್ಲಿ ತಂದ ‘ದಿ ಸ್ನೋಯಿ ಡೇ’ಯಲ್ಲಿ ಕಪ್ಪು ಹುಡುಗ ಪೀಟರ್ ಹಿಮದಲ್ಲಿ ಆಡುತ್ತಾನೆ, ಅಷ್ಟೇ, ಬಣ್ಣದ ಮಾತೇ ಇಲ್ಲ. ಅದನ್ನು ಮೆಚ್ಚಿದವರಿದ್ದರು, ಗುರುತನ್ನೇ ಮರೆಸಿತು ಎಂದು ಆಕ್ಷೇಪಿಸಿದವರೂ ಇದ್ದರು. ಎರಡೂ ಕಡೆ ಹುರುಳಿದೆ ಎನ್ನಿಸುತ್ತದೆ. 1990ರಲ್ಲಿ ರುಡೀನ್ ಸಿಮ್ಸ್ ಬಿಷಪ್, ಪುಸ್ತಕ ಮಗುವಿಗೆ ಕಿಟಕಿಯೂ ಆಗಬೇಕು, ಕನ್ನಡಿಯೂ ಆಗಬೇಕು ಎಂದರು. ನಾನು ಕಿಟಕಿ ತೆರೆದೆನೆಂದು ತಿಳಿದಿದ್ದೆ. ಆ ಹುಡುಗನ ಮುಂದೆ ಮಾತ್ರ ಬೇರೆಯವರು ಕನ್ನಡಿ ಹಿಡಿದು ನಕ್ಕಿದ್ದರು.

ಗಜೇಂದ್ರಗಡದ ಶಾಲೆಯಲ್ಲಿ ಅದೇ ಪಾಠವನ್ನು ಕೌದಿಯಿಂದ ಶುರುಮಾಡಿದೆ. ನಮ್ಮ ಭಾಗದಲ್ಲಿ ಕೌದಿ ಇಲ್ಲದ ಮನೆ ಅಪರೂಪ. ಸಿದ್ದಿ ಹೆಂಗಸರೂ ಹಳೆ ಸೀರೆ, ಅಂಗಿಯ ತುಂಡು ಸೇರಿಸಿ ಕೌದಿ ಹೊಲಿಯುತ್ತಾರೆ. ಮೂಲೆಗೆ ಹೂವೆಂದು ತ್ರಿಕೋನದ ತುಂಡು ಇಡುತ್ತಾರೆ. ಮಕ್ಕಳು ಮನೆಯ ಕೌದಿ ತಂದು ಮೂಲೆ ಹೋಲಿಸಿದರು. ಆಫ್ರಿಕಾ, ಹಡಗು, ಗುಲಾಮಗಿರಿ ಮರುದಿನ ಬಂದವು. ಅವನ್ನು ಬಿಡಲಿಲ್ಲ, ಬಿಟ್ಟರೆ ಅದೂ ಸುಳ್ಳೇ.

ಚಿತ್ರ ಹಳೆಯದೇ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ‘ಆಕಿ ಹೆಸರೇನ್ರಿ ಸರ್?’ ಎಂದಳು. ನನ್ನ ಪಾಠಯೋಜನೆಯಲ್ಲಿ ಹೆಸರೇ ಇರಲಿಲ್ಲ.