ಮಾತ್ರೆ ಕೊಡುವ ಕೈಗೂ ತರಬೇತಿ ಬೇಕು

ಡಾಕ್ಟರು ಚೀಟಿ ಬರೆದುಕೊಟ್ಟ ಮೇಲೆ ನಾವು ಹೋಗೋದು ಎಲ್ಲಿಗೆ? ಮೆಡಿಕಲ್ ಶಾಪ್‌ಗೆ, ಇಲ್ಲವೇ ಆಸ್ಪತ್ರೆಯ ಔಷಧಿ ಕಿಟಕಿಗೆ. ಅಲ್ಲಿ ನಿಂತವರು ಮಾತ್ರೆ ಎಣಿಸಿ, ಕವರಿನ ಮೇಲೆ ಎರಡು ಗೀಟು ಎಳೆದು, ‘ಬೆಳಿಗ್ಗೆ ಒಂದು, ರಾತ್ರಿ ಒಂದು’ ಅಂತಾರೆ. ನಾವೂ ತಲೆಯಾಡಿಸಿ ಬಂದುಬಿಡ್ತೀವಿ. ನೆಗಡಿ, ಜ್ವರಕ್ಕಾದರೆ ಇಷ್ಟು ಸಾಕು ಅನ್ನೋಣ. ಆದರೆ ಜೀವನಪೂರ್ತಿ, ಒಂದು ದಿನವೂ ತಪ್ಪದೆ ಮಾತ್ರೆ ನುಂಗಬೇಕಾದವರ ಗತಿ? ಎಚ್‌ಐವಿ ಸೋಂಕಿನ ಜೊತೆ ಬದುಕುತ್ತಿರುವ ಹೆಣ್ಣುಮಗಳ ಪಾಡು?

ಅವಳು ಡಾಕ್ಟರನ್ನು ನೋಡುವುದು ಕೆಲವೇ ನಿಮಿಷ. ಮಾತ್ರೆಗಾಗಿ ಮಾತ್ರ ಮತ್ತೆ ಮತ್ತೆ ಬಂದು ನಿಲ್ಲುವುದು ಫಾರ್ಮಾಸಿಸ್ಟ್ ಮುಂದೆ. ಹಾಗಾಗಿಯೇ ಆ ಕಿಟಕಿಯ ಹಿಂದೆ ಇರುವವರು ಮಾತ್ರೆ ಎಣಿಸುವುದನ್ನಷ್ಟೇ ಅಲ್ಲ, ರೋಗಿಯ ಆರೈಕೆಯನ್ನೂ ಕಲಿತಿರಬೇಕು.

ಹಾಸನದ ದಾರಿಯಲ್ಲಿ

2001ರಲ್ಲಿ ಸಿಪ್ಲಾ ಕಂಪನಿ ಮೂರು ಔಷಧಿಗಳ ಚಿಕಿತ್ಸೆಯನ್ನು ದಿನಕ್ಕೆ ಒಂದು ಡಾಲರ್‌ಗೂ ಕಡಿಮೆ ಬೆಲೆಗೆ ಕೊಡುತ್ತೇನೆಂದಾಗ ಜಗತ್ತೇ ಬೆರಗಾಗಿತ್ತು. ನಮ್ಮ ದೇಶದ ಬಡವರ ಕೈಗೆ ಅದು ಉಚಿತವಾಗಿ ಸಿಗಲು ಶುರುವಾಗಿದ್ದು 2004ರ ಏಪ್ರಿಲ್ 1ರಿಂದ, ಎಂಟು ಸರ್ಕಾರಿ ಆಸ್ಪತ್ರೆಗಳಲ್ಲಿ. ಆಮೇಲೆ ಎಆರ್‌ಟಿ ಕೇಂದ್ರಗಳು ಜಿಲ್ಲೆಗಳಿಗೂ ಬಂದವು. ಹಾಸನದಲ್ಲಿ ಅದು ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆಯಲ್ಲಿದೆ. 2017ರಿಂದ ಸೋಂಕು ಖಚಿತವಾದ ಎಲ್ಲರಿಗೂ, ರಕ್ತದಲ್ಲಿ ಸಿಡಿ4 ಕಣ ಎಷ್ಟೇ ಇರಲಿ, ಚಿಕಿತ್ಸೆ ಶುರು ಮಾಡುತ್ತಾರೆ.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ಹಾಸನದಿಂದ ಹೆಚ್ಚೂಕಮ್ಮಿ 30-40 ಕಿಲೋಮೀಟರ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಚಾರ್ಜು ಉಳಿಯಿತು, ನಿಜ. ಆದರೆ ಆ ದಿನದ ಕೂಲಿ? ‘ಎಲ್ಲಿಗೆ ಹೊರಟೆ?’ ಅನ್ನುವ ಅತ್ತೆಗೆ, ಪಕ್ಕದ ಮನೆಯವರಿಗೆ ಉತ್ತರ? ಇಷ್ಟೆಲ್ಲ ದಾಟಿ ಕಿಟಕಿ ಮುಂದೆ ಬಂದವಳಿಗೆ ಒರಟು ಮಾತು ಸಿಕ್ಕರೆ ಮುಂದಿನ ತಿಂಗಳು ಅವಳು ಬರದೇ ಇರಬಹುದು. ಈ ಕಾಯಿಲೆಯಲ್ಲಿ ಮಾತ್ರೆ ನಿಲ್ಲಿಸಿದರೆ ವೈರಸ್ ಮತ್ತೆ ಹೆಚ್ಚುತ್ತದೆ. ಬಿಟ್ಟು ಬಿಟ್ಟು ನುಂಗಿದರೆ ಔಷಧಿಗೇ ಬಗ್ಗದ ಹಾಗೆ ಬಲಿಯಬಹುದು.

ತರಬೇತಿಯಲ್ಲಿ ಏನು ಕಲಿಯಬೇಕು?

ಡಿ.ಫಾರ್ಮ ಎರಡು ವರ್ಷದ ಓದು, ಜೊತೆಗೆ 500 ಗಂಟೆಗಳ ಪ್ರಾಯೋಗಿಕ ತರಬೇತಿ. ಆರು ವರ್ಷದ ಫಾರ್ಮ್.ಡಿ. ಕೋರ್ಸ್ ನಮ್ಮ ದೇಶಕ್ಕೆ ಬಂದದ್ದು 2008ರಲ್ಲಿ. ಅದರ ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯಲ್ಲೇ ಕೆಲಸ. ಡಾಕ್ಟರ ಜೊತೆ ವಾರ್ಡ್ ಸುತ್ತಿ, ರೋಗಿಯ ಹಾಸಿಗೆ ಪಕ್ಕ ನಿಂತು ಕಲಿಯುವ ಈ ವಿದ್ಯೆಗೆ ‘ಕ್ಲಿನಿಕಲ್ ಫಾರ್ಮಸಿ’ ಅಂತ ಹೆಸರು. ಎಚ್‌ಐವಿ ವಿಷಯದಲ್ಲಿ ಈ ಕಲಿಕೆಯ ಬೆಲೆ ಏನು ಅಂತೀರಾ?

ಒಂದು ಚಿಕ್ಕ ಲೆಕ್ಕ ನೋಡಿ. ದಿನಕ್ಕೊಂದರಂತೆ 30 ಮಾತ್ರೆ ಕೊಟ್ಟಿದ್ದಾರೆ. 28 ದಿನ ಕಳೆದು ಬಂದಾಗ ಡಬ್ಬಿಯಲ್ಲಿ 2 ಉಳಿದಿರಬೇಕು. 6 ಉಳಿದಿದ್ದರೆ? ನಾಲ್ಕು ದಿನ ತಪ್ಪಿದೆ. ಅಂದರೆ ನುಂಗಿದ್ದು ನೂರಕ್ಕೆ 86ರಷ್ಟು. ಇರಬೇಕಾದದ್ದು 95ಕ್ಕೂ ಮೇಲೆ. ತರಬೇತಿ ಇಲ್ಲದವರು ಇಲ್ಲಿ ಬೈದು ಕಳಿಸಬಹುದು. ತರಬೇತಿ ಪಡೆದವರು ‘ಯಾವ ದಿನ ತಪ್ಪಿತಮ್ಮಾ, ಯಾಕೆ?’ ಅಂತ ಕೇಳ್ತಾರೆ. ಆಗ ನಿಜ ಹೊರಬರುತ್ತದೆ. ನೆಂಟರು ಬಂದಿದ್ದರು, ಡಬ್ಬಿ ಹೊರಗೆ ತೆಗೆಯೋಕಾಗಲಿಲ್ಲ. ವಾಂತಿ ಬಂದ ಹಾಗಾಯ್ತು, ಬಿಟ್ಟೆ. ಗಂಡನ ಮಾತ್ರೆ ಮುಗಿದಿತ್ತು, ನನ್ನದನ್ನೇ ಕೊಟ್ಟೆ. ಒಂದೊಂದಕ್ಕೂ ಬೇರೆ ಬೇರೆ ಪರಿಹಾರ ಇದೆ. ಬೈಗುಳ ಮಾತ್ರ ಯಾವುದಕ್ಕೂ ಪರಿಹಾರ ಅಲ್ಲ, ಅಲ್ವಾ?

ಬಸುರಿಯ ಕಬ್ಬಿಣದ ಮಾತ್ರೆ

ಇದು ಹೆಂಗಸರು ಗಮನವಿಟ್ಟು ಓದಲೇಬೇಕಾದ ಮಾತು. 2020ರ ನಂತರ ನಮ್ಮಲ್ಲಿ ಹೆಚ್ಚಿನವರಿಗೆ ಕೊಡುತ್ತಿರುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ. ಒಳ್ಳೆಯ ಔಷಧಿ. ಆದರೆ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳ ಜೊತೆ ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಡೊಲುಟೆಗ್ರಾವಿರ್ ಅವಕ್ಕೆ ಅಂಟಿಕೊಂಡು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ನಮ್ಮಲ್ಲಿ ಬಸುರಿಯರಿಗೆಲ್ಲ ಕಬ್ಬಿಣ, ಕ್ಯಾಲ್ಸಿಯಂ ಕೊಟ್ಟೇ ಕೊಡ್ತಾರೆ! ಹಾಗಂತ ಅವನ್ನು ಬಿಡುವ ಹಾಗಿಲ್ಲ. ಊಟದ ಜೊತೆಯಾದರೆ ಒಟ್ಟಿಗೇ ತೆಗೆದುಕೊಳ್ಳಬಹುದು. ಇಲ್ಲದಿದ್ದರೆ ಎಚ್‌ಐವಿ ಮಾತ್ರೆಯನ್ನು 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ನುಂಗಬೇಕು. ಎದೆಯುರಿಗೆ ಕುಡಿಯುವ ಆಂಟಾಸಿಡ್‌ನಲ್ಲಿ ಅಲ್ಯೂಮಿನಿಯಂ, ಮೆಗ್ನೀಷಿಯಂ ಇದ್ದರೆ ಊಟ ಮಾಡಿದ್ದರೂ ಇದೇ ಅಂತರ ಬೇಕು.

ಇಷ್ಟು ಹೇಳಲು ಒಂದು ನಿಮಿಷ ಸಾಕು. ಹೇಳದಿದ್ದರೆ ಆಗುವ ನಷ್ಟ ಮಗುವಿಗೂ ತಟ್ಟಬಹುದು. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಾಧ್ಯತೆ ನೂರಕ್ಕೆ 15ರಿಂದ 45. ಸರಿಯಾದ ಚಿಕಿತ್ಸೆಯಿಂದ ಅದನ್ನು 5ಕ್ಕಿಂತ ಕೆಳಗೆ ಇಳಿಸಬಹುದು.

ಇನ್ನೂ ಇವೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಜೊತೆಗಿದ್ದರೆ ಅದರ ಪ್ರಮಾಣಕ್ಕೆ ಮಿತಿ ಬೇಕು. ಕ್ಷಯಕ್ಕೆ ರಿಫಾಂಪಿಸಿನ್ ಶುರುವಾದರೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಬಾರಿ ಬೇಕಾಗುತ್ತದೆ. ಅದೇ ರಿಫಾಂಪಿಸಿನ್ ಗರ್ಭನಿರೋಧಕ ಗುಳಿಗೆಯ ಬಲವನ್ನೂ ಕುಗ್ಗಿಸುತ್ತದೆ. ಇವನ್ನೆಲ್ಲ ಬದಲಿಸುವವರು ಡಾಕ್ಟರು. ಆದರೆ ಮೊದಲು ಗಮನಿಸಿ ‘ಸ್ವಲ್ಪ ನೋಡಿ ಸಾರ್’ ಅಂತ ಅವರಿಗೆ ತಿಳಿಸಬಲ್ಲವರು ಫಾರ್ಮಾಸಿಸ್ಟ್.

ಊರಿನ ಮೆಡಿಕಲ್ ಶಾಪ್

ಎಆರ್‌ಟಿ ಕೇಂದ್ರದ ಮಾತು ಇಷ್ಟಾಯಿತು. ಎದೆಯುರಿ, ಕೆಮ್ಮು, ಮುಟ್ಟಿನ ನೋವಿಗೆ ಮಾತ್ರ ನಾವೆಲ್ಲ ಹೋಗೋದು ಬೀದಿ ಕೊನೆಯ ಅಂಗಡಿಗೇ. ಚಿಕ್ಕ ಊರಲ್ಲಿ ಅಂಗಡಿಯವರು ಮನೆಯವರಿಗೂ ಪರಿಚಯ, ನೆಂಟರಿಗೂ ಪರಿಚಯ. ಅಲ್ಲಿ ಎಚ್‌ಐವಿ ವಿಷಯ ಬಾಯಿಬಿಡುವುದು ಹೇಗೆ? ಬಿಡದಿದ್ದರೆ ಔಷಧಿ-ಔಷಧಿಯ ಜಗಳ ತಿಳಿಯುವುದು ಹೇಗೆ? ಈ ಇಕ್ಕಟ್ಟು ನಿಜವಾದದ್ದೇ. ಅದಕ್ಕೇ ಖಾಸಗಿ ಅಂಗಡಿಯ ಫಾರ್ಮಾಸಿಸ್ಟರಿಗೂ ಈ ತರಬೇತಿ ಬೇಕು. ಔಷಧಿಯ ಪಾಠದಷ್ಟೇ ಗುಟ್ಟು ಕಾಯುವ ಪಾಠವೂ ಮುಖ್ಯ.

ಕಾನೂನು ನಿಮ್ಮ ಪರವಾಗಿದೆ ಅನ್ನೋದು ನೆನಪಿರಲಿ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕಾನೂನೇ ಹೇಳಿದ ಕೆಲವು ಸಂದರ್ಭ ಬಿಟ್ಟರೆ, ನಿಮ್ಮ ಒಪ್ಪಿಗೆ ಇಲ್ಲದೆ ಚಿಕಿತ್ಸೆ ಕೊಡುವವರು ನಿಮ್ಮ ಸೋಂಕಿನ ವಿಷಯ ಇನ್ನೊಬ್ಬರಿಗೆ ಹೇಳುವಂತಿಲ್ಲ. ಸೋಂಕಿದೆ ಎಂದು ಚಿಕಿತ್ಸೆ ನಿರಾಕರಿಸುವಂತಿಲ್ಲ.

ಕಿಟಕಿ ಮುಂದೆ ನಿಂತಾಗ

* ನೀವು ನುಂಗುವ ಎಲ್ಲ ಮಾತ್ರೆಗಳ ಹೆಸರು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕಬ್ಬಿಣದ ಮಾತ್ರೆ, ನಾಟಿ ಔಷಧಿ, ಟಾನಿಕ್ ಎಲ್ಲವೂ ಅದರಲ್ಲಿರಲಿ.
* ಉಳಿದ ಮಾತ್ರೆ ಸಮೇತ ಡಬ್ಬಿ ಒಯ್ಯಿರಿ. ತಪ್ಪಿದ್ದನ್ನು ಮುಚ್ಚಿಡಬೇಡಿ.
* ‘ಒಂದು ಹೊತ್ತು ಮರೆತರೆ ಏನು ಮಾಡಲಿ?’ ಎಂದು ಮೊದಲ ದಿನವೇ ಕೇಳಿ. ಸಾಮಾನ್ಯವಾಗಿ ನೆನಪಾದ ಕೂಡಲೇ ನುಂಗಬೇಕು. ಎರಡನ್ನು ಒಟ್ಟಿಗೆ ನುಂಗಬಾರದು.
* ಅಂಗಡಿಯಿಂದ ಹೊಸ ಮಾತ್ರೆ ಕೊಳ್ಳುವ ಮುಂಚೆ ಎಆರ್‌ಟಿ ಕೇಂದ್ರಕ್ಕೆ ಫೋನ್ ಮಾಡಿ ಅದರ ಹೆಸರು ಹೇಳಿ ಕೇಳಿ. ಅಂಗಡಿಯಲ್ಲಿ ಏನೂ ಹೇಳಬೇಕಾಗುವುದಿಲ್ಲ.
* ನಿದ್ದೆ ಬಾರದಿರುವುದು, ತೂಕ ಏರುವುದು ಏನೇ ಆದರೂ ತಿಳಿಸಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.
* ದೂರ ಹೆಚ್ಚಾದರೆ ಹತ್ತಿರದ ಲಿಂಕ್ ಎಆರ್‌ಟಿ ಕೇಂದ್ರ ಯಾವುದು, ಒಮ್ಮೆಗೇ ಎರಡು-ಮೂರು ತಿಂಗಳ ಮಾತ್ರೆ ಸಿಗುತ್ತದೆಯೇ ಎಂದು ವಿಚಾರಿಸಿ.
* ಪರೀಕ್ಷೆ ಮಾಡಿಸಬೇಕೇ? ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ ಉಚಿತ. ಅನುಮಾನಗಳಿಗೆ 1097ಕ್ಕೆ ಕರೆ ಮಾಡಿ, ಅದೂ ಉಚಿತ.

ಸರಿಯಾಗಿ ಮಾತ್ರೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ತಗ್ಗಿ, ಹಾಗೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ಹರಡುವುದಿಲ್ಲ ಅನ್ನೋದು ಈಗ ಸಾಬೀತಾದ ಮಾತು. ದುಡಿಯಬಹುದು, ಮಕ್ಕಳನ್ನು ಓದಿಸಬಹುದು, ಮೊಮ್ಮಕ್ಕಳನ್ನು ಎತ್ತಿ ಆಡಿಸಬಹುದು.

ಇನ್ನು ನಿಮ್ಮ ಮಗಳೋ ಸೊಸೆಯೋ ಫಾರ್ಮಸಿ ಓದುತ್ತಿದ್ದರೆ ಈ ಪುಟವನ್ನು ಅವಳಿಗೂ ತೋರಿಸಿ. ಪರೀಕ್ಷೆಗೆ ಓದುವಾಗ ಆ ಔಷಧಿಗಳ ಉದ್ದುದ್ದ ಹೆಸರು ಅವಳಿಗೆ ಬರೀ ಬಾಯಿಪಾಠ ಅನ್ನಿಸಬಹುದು. ನಾಳೆ ಯಾವುದೋ ಊರಿನ ಕಿಟಕಿಯ ಹಿಂದೆ ಅವಳು ಕುಳಿತಾಗ, ಎದುರಿಗೆ ಬಂದು ನಿಂತವಳಿಗೆ ‘ಊಟ ಆಯ್ತೇನಮ್ಮಾ? ಇದನ್ನ ಯಾವಾಗ ನುಂಗಬೇಕು ಅಂತ ಹೇಳ್ತೀನಿ, ಕೇಳು’ ಎನ್ನುವಷ್ಟು ಪುರುಸೊತ್ತು, ಪ್ರೀತಿ ಅವಳಲ್ಲಿರಲಿ.